ಡ್ಯೂಕ್ ಎಲಿಂಗ್ಟನ್ ಮತ್ತು ಆತನ ಸಂಗಡಿಗರು

ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿದ ಒಂದು ದೊಡ್ಡ ವಸ್ತುಸಂಗ್ರಹಾಲಯವಿದೆ. ಅಲ್ಲಿ ಡ್ಯೂಕ್ ಎಲಿಂಗ್ಟನ್ ಎಂಬ ಸಂಗೀತಗಾರನ ಸ್ವರಲಿಪಿಯ ಹಾಳೆಗಳನ್ನು ಸಾವಿರಗಟ್ಟಲೆಯಾಗಿ ಜೋಪಾನ ಮಾಡಿ ಇರಿಸಿದ್ದಾರೆ. ಪಾಶ್ಚಾತ್ಯ ಸಂಗೀತದಲ್ಲಿ ವಾದ್ಯವೃಂದಕ್ಕಾಗಿ ಕೃತಿಯನ್ನು ರಚಿಸುವವನು ಒಂದೊಂದು ವಾದ್ಯದ ಪಾಲನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಸಿ, ಅದರ ತಲೆಯ ಮೇಲೆ ಮೊದಲನೆಯ ಟ್ರಂಪೆಟ್, ಎರಡನೆಯ ಟ್ರಂಪೆಟ್, ಮೂರನೆಯ ಸ್ಯಾಕ್ಸೋಫೋನ್ ಎಂದು ವಾದ್ಯದ ಹೆಸರನ್ನು ಹಾಕಿಸುವುದು ವಾಡಿಕೆ. ಅಲ್ಲಿ ವಾದ್ಯ ಮುಖ್ಯ. ನುಡಿಸುವವನು ಯಾರಾದರೂ ಆಗಬಹುದು. ಎಲಿಂಗ್ಟನ್ನನ ಹಾಳೆಗಳಲ್ಲಾದರೋ ವಾದ್ಯದ ಹೆಸರಿರಬೇಕಾದ ಕಡೆ ಅನೇಕ ವೇಳೆ ಮನುಷ್ಯನ ಹೆಸರಿದೆ. ಇದು ಕೂಟಿಗೆ, ಇದು ಕಾರ್ನಿಗೆ ಎಂದು, ತಾಯಿಯಾದವಳು ಮಕ್ಕಳ ಹೆಸರು ಹಿಡಿದು ತಿಂಡಿಯನ್ನು ಪಾಲುಮಾಡಿಟ್ಟಂತೆ, ಆತ ತನ್ನ ಸ್ವರಗಳನ್ನು ಹಂಚಿಟ್ಟಿದ್ದಾನೆ. ನೋಡುವುದಕ್ಕೆ ಇದು ಸಣ್ಣ ಸಂಗತಿ. ಆದರೆ ಆತನ ಬಾಳಿನ ತಿರುಳೆಲ್ಲ ಇದರಲ್ಲಿಯೇ ಇದೆಯೆಂದು ನನ್ನ ಅಲ್ಪಮತಿಗೆ ತೋರಿದ್ದರಿಂದ ಈ ಲೇಖನವನ್ನು ಬರೆಯಲು ಮನಸ್ಸು ಮಾಡಿದೆನು.

ಜಾಝ್ ಎಂಬ ಸಂಗೀತದ ಹೆಸರನ್ನೇ ಕೇಳದ ಮನೆಯಲ್ಲಿ ಬೆಳೆದವಳು ನಾನು. ನಮ್ಮ ತಂದೆಯವರು ಮದುವೆ, ಜಾತ್ರೆ, ಗಣೇಶನ ಮೆರವಣಿಗೆಗಳಲ್ಲಿ ಬ್ಯಾಂಡ್‌ಸೆಟ್ಟಿನವರೊಡನೆ ಕ್ಲಾರಿಯೊನೆಟ್ ನುಡಿಸುವವರು. ಆ ಬ್ಯಾಂಡಿನ ಮೇಷ್ಟ್ರ ಮನೆಯಲ್ಲಿ ಗ್ರಾಮಫೋನಿನ ಹಳೆಯ ಪ್ಲೇಟುಗಳ ಒಂದು ಕಟ್ಟು ಇದೆ. ಅದರಲ್ಲಿ ಒಂದು, ೧೯೭೦ರಿಂದೀಚಿನ ಮೂರು ನಾಲ್ಕು ವರ್ಷಗಳ ಜಾಝ್ ಸಂಗೀತದಿಂದ ಒಬ್ಬೊಬ್ಬರದು ಒಂದೊಂದು ತುಣುಕನ್ನು ಆರಿಸಿ ಕೂಡಿಸಿದ ಮಾದರಿಯ ಪ್ಲೇಟು. ಉಳಿದ ಪ್ಲೇಟುಗಳ ಮಾರಾಟ ಹೆಚ್ಚಲೆಂದು ಕಂಪನಿಗಳು ಇಂಥವನ್ನು ಆ ಕಾಲದಲ್ಲಿ ಅಗ್ಗದ ಬೆಲೆಗೆ ಬಿಡುತ್ತಿದ್ದವು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕಷ್ಟೆ! ಅದು ಜಾಝ್ ಸಂಗೀತ ಹೊಸ ದಾರಿ ಹಿಡಿದಿದ್ದ ಕಾಲ. ಮೈಲ್ಸ್ ಡೇವಿಸ್ ಮೊದಲಾದವರು ವಿದ್ಯುತ್ ಗಿಟಾರು, ವಿದ್ಯುತ್ ಪಿಯಾನೋಗಳನ್ನು ತಂದು ಹಳೆಯ ಕಟ್ಟುಗಳನ್ನು ಒಡೆಯುತ್ತಿದ್ದರು. ಆ ಅಬ್ಬರದ ನಡುವೆ ಒಂದು ತುಣುಕು ಮಾತ್ರ ಅವಸರವಿಲ್ಲದೆ, ಹಿರಿಯರು ಜಗಲಿಯ ಮೇಲೆ ಕುಳಿತು ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡು ಮಾತನಾಡಿದ ಹಾಗೆ ನಡೆಯುತ್ತದೆ. ಅದು ಎಲಿಂಗ್ಟನ್ನನದು. ಆಗ ಆತನಿಗೆ ಎಪ್ಪತ್ತು ದಾಟಿತ್ತು. ಆ ಎಪ್ಪತ್ತು ವರ್ಷಗಳ ಹಿಂದೆ ಏನಿತ್ತೆಂದು ತಿಳಿಯುವ ಕುತೂಹಲದಿಂದ ನಾನು ಓದತೊಡಗಿದೆನು. ಓದಿದ್ದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಎಡ್ವರ್ಡ್ ಕೆನೆಡಿ ಎಲಿಂಗ್ಟನ್ ಹುಟ್ಟಿದ್ದು ೧೮೯೯ನೆಯ ಇಸವಿ ಏಪ್ರಿಲ್ ೨೯ರಂದು, ವಾಷಿಂಗ್ಟನ್ ನಗರದಲ್ಲಿ. ಅಮೆರಿಕದಲ್ಲಿ ಗುಲಾಮಗಿರಿ ಅಳಿದು ಆಗ ಮೂವತ್ತನಾಲ್ಕು ವರ್ಷವಾಗಿತ್ತಷ್ಟೆ. ಕಪ್ಪು ಜನರಿಗೆ ಶಾಲೆ ಬೇರೆ, ರೈಲಿನ ಡಬ್ಬಿ ಬೇರೆ, ಹೋಟೆಲಿನ ಬಾಗಿಲು ಬೇರೆ. ತಂದೆ ಜೇಮ್ಸ್ ಒಬ್ಬ ಬಿಳಿಯ ವೈದ್ಯನ ಮನೆಯಲ್ಲಿ ಬಟ್ಲರನಾಗಿದ್ದ. ಔತಣಗಳಲ್ಲಿ ಬಡಿಸುವ ಕೆಲಸಕ್ಕಾಗಿ ಒಮ್ಮೊಮ್ಮೆ ರಾಷ್ಟ್ರಾಧ್ಯಕ್ಷರ ಶ್ವೇತಭವನಕ್ಕೂ ಹೋಗುತ್ತಿದ್ದನೆಂದು ಚರಿತ್ರೆಕಾರರು ಹೇಳುತ್ತಾರೆ. ಊಳಿಗದವನಾದರೂ ಜೇಮ್ಸನ ಉಡುಗೆ ತೊಡುಗೆ, ಮಾತಿನ ಮರ್ಯಾದೆಗಳು ಯಾವ ಶ್ರೀಮಂತನಿಗೂ ಕಡಿಮೆಯಿರಲಿಲ್ಲ. ಈ ಠೀವಿ ಮಗನಿಗೂ ಬಂತು. ಅದನ್ನು ಕಂಡು ಗೆಳೆಯನೊಬ್ಬ ಆತನನ್ನು ಡ್ಯೂಕ್ ಎಂದು ಕರೆದನು. ಡ್ಯೂಕ್ ಎಂದರೆ ಇಂಗ್ಲೆಂಡಿನ ರಾಜವಂಶಕ್ಕೆ ಸಮೀಪದ ಪದವಿ. ಬಟ್ಲರನ ಮಗನಿಗೆ ಅಂಟಿದ ಆ ಹೆಸರು ಕೊನೆಯವರೆಗೂ ಉಳಿಯಿತು.

ತಾಯಿ ಡೇಸಿ ಬಲು ಭಕ್ತೆ. ತಂದೆತಾಯಿ ಇಬ್ಬರೂ ಪಿಯಾನೋ ನುಡಿಸಬಲ್ಲವರು. ಹುಡುಗನಿಗೂ ಪಾಠಕ್ಕೆ ಏರ್ಪಾಟು ಮಾಡಿದರು. ಆದರೆ ಅವನ ಮನಸ್ಸೆಲ್ಲ ಬೇಸ್‌ಬಾಲ್ ಆಟದ ಕಡೆಗೆ. ಆಟದ ಮೈದಾನದಲ್ಲಿ ಕಡಲೆಕಾಯಿ ಮಾರಿ ಆಟ ನೋಡುತ್ತಿದ್ದ. ಹದಿನೈದರ ಆಸುಪಾಸಿನಲ್ಲಿ ಸೋಡಾ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ತನ್ನ ಮೊದಲ ಕೃತಿಯನ್ನು ಕಟ್ಟಿದ. ಆಗ ಅವನಿಗೆ ಸ್ವರಲಿಪಿ ಸರಿಯಾಗಿ ಬರೆಯಲೂ ಬಾರದು; ಕೃತಿ ಕಿವಿಯಲ್ಲಿತ್ತು, ಬೆರಳಿನಲ್ಲಿತ್ತು, ಕಾಗದದ ಮೇಲಿರಲಿಲ್ಲ. ಚಿತ್ರಕಲೆಯಲ್ಲಿ ಚೆನ್ನಾಗಿದ್ದುದರಿಂದ ನ್ಯೂಯಾರ್ಕಿನ ಪ್ರ್ಯಾಟ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಯಲು ವಿದ್ಯಾರ್ಥಿವೇತನ ಒದಗಿತು. ಅವನು ಹೋಗಲಿಲ್ಲ, ಹೈಸ್ಕೂಲನ್ನೂ ಪೂರ್ತಿ ಮಾಡದೆ ಬಿಟ್ಟ. ಬೋರ್ಡು ಬರೆಯುವ ವೃತ್ತಿ ಹಿಡಿದು, ನೃತ್ಯಕೂಟದ ಬೋರ್ಡು ಬರೆಸಲು ಬಂದವರೊಡನೆ ವಾದ್ಯದವರು ಗೊತ್ತಾಗಿದ್ದಾರೆಯೇ ಎಂದು ವಿಚಾರಿಸಿ, ಆಗಿಲ್ಲದಿದ್ದರೆ ಆ ಕೆಲಸವನ್ನೂ ತಾನೇ ಒಪ್ಪಿಕೊಳ್ಳುತ್ತಿದ್ದ. ಒಂದೇ ಕೈ ಬೋರ್ಡನ್ನೂ ಬರೆಯಿತು, ಪಿಯಾನೋವನ್ನೂ ನುಡಿಸಿತು. ೧೯೧೮ರಲ್ಲಿ ಮದುವೆ; ಮರುವರ್ಷ ಮರ್ಸರ್ ಎಂಬ ಮಗ ಹುಟ್ಟಿದ.

೧೯೨೩ರಲ್ಲಿ ಎಲಿಂಗ್ಟನ್ ಕೆಲವರು ಗೆಳೆಯರೊಡನೆ ನ್ಯೂಯಾರ್ಕಿಗೆ ಬಂದು ನೆಲೆಸಿದ. ಆರಂಭದಲ್ಲಿ ಅವರ ತಂಡದ್ದು ಕುಣಿಯುವವರಿಗೆ ಒಪ್ಪುವ ನಯವಾದ ಸಂಗೀತ. ಅದಕ್ಕೆ ಜೀವ ತಂದವನು ಬಬ್ಬರ್ ಮೈಲಿ ಎಂಬ ಟ್ರಂಪೆಟ್ ವಾದಕ. ನೀರಿನ ತೊಟ್ಟಿ ಕಟ್ಟಿಕೊಂಡಾಗ ಒತ್ತಿ ತೆಗೆಯುವ ರಬ್ಬರಿನ ಬಟ್ಟಲನ್ನು ಟ್ರಂಪೆಟ್ಟಿನ ಬಾಯಿಗೆ ಹಿಡಿದು, ಗಂಟಲಿನಲ್ಲಿ ಗುರುಗುಟ್ಟುತ್ತಾ ಊದಿ, ಲೋಹದ ವಾದ್ಯದಿಂದ ಮನುಷ್ಯನು ನರಳುವ, ಬೇಡುವ, ಗೇಲಿ ಮಾಡುವ ದನಿಗಳನ್ನು ಅವನು ಹೊರಡಿಸುತ್ತಿದ್ದ. ಜೋ ನಾಂಟನ್ ಎಂಬವನು ಟ್ರೋಂಬೋನಿನಲ್ಲಿ ಅದೇ ವಿದ್ಯೆಯನ್ನು ಸಾಧಿಸಿದ. ಇದನ್ನು ಕೇಳಿದ ಎಲಿಂಗ್ಟನ್ನನಿಗೆ ಒಂದು ಸತ್ಯ ಹೊಳೆಯಿತು. ಸ್ವರವೊಂದೇ ಆದರೂ ದನಿ ಒಬ್ಬೊಬ್ಬನದು ಒಂದೊಂದು. ಆ ಭೇದವನ್ನು ತಿದ್ದಿ ಅಳಿಸುವುದಕ್ಕಿಂತ ಅದನ್ನೇ ಬಂಡವಾಳ ಮಾಡಿಕೊಂಡು ಕೃತಿ ಕಟ್ಟಬೇಕು. ಮುಂದಿನ ಐವತ್ತು ವರ್ಷ ಆತ ಮಾಡಿದ್ದು ಇದನ್ನೇ.

೧೯೨೭ರ ಡಿಸೆಂಬರಿನಲ್ಲಿ ಹಾರ್ಲೆಮಿನ ಕಾಟನ್ ಕ್ಲಬ್ಬಿನಲ್ಲಿ ಆತನ ತಂಡಕ್ಕೆ ನೌಕರಿ ದೊರೆಯಿತು. ಹಾರ್ಲೆಂ ಕಪ್ಪು ಜನರ ಕೇರಿ. ಆ ಕ್ಲಬ್ಬಿನಲ್ಲಿ ಹಾಡುವವರು, ಕುಣಿಯುವವರು, ಬಡಿಸುವವರು ಎಲ್ಲರೂ ಕಪ್ಪು ಜನ. ಆದರೆ ಕುಳಿತು ನೋಡುವ ಹಕ್ಕು ಬಿಳಿಯರದು ಮಾತ್ರ. ತನ್ನ ಕೇರಿಯ ನಡುವೆಯೇ ತನ್ನ ನೆರೆಯವರು ಒಳಗೆ ಬಂದು ಕೇಳಲಾಗದ ಜಾಗದಲ್ಲಿ ನುಡಿಸಬೇಕಾದವನ ಮನಸ್ಸು ಹೇಗಿದ್ದೀತು! ಆದರೂ ಅಲ್ಲಿಂದ ರೇಡಿಯೋದ ಮೂಲಕ ಆ ಸಂಗೀತ ದೇಶದ ಮೂಲೆ ಮೂಲೆಗೂ ಹರಿಯಿತು. ಗೋಡೆ ಕಟ್ಟಿದವರಿಗೆ ಗಾಳಿಯನ್ನು ತಡೆಯಲಾಗಲಿಲ್ಲ. ೧೯೩೧ರಲ್ಲಿ ಆತ ಆ ಕ್ಲಬ್ಬನ್ನು ಬಿಡುವ ಹೊತ್ತಿಗೆ ಅಮೆರಿಕದಲ್ಲೆಲ್ಲ ಹೆಸರಾಗಿದ್ದ. ೧೯೩೩ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಹೋಗಿ ಬಂದ.

ಆ ಕಾಲದ ಗ್ರಾಮಫೋನ್ ಪ್ಲೇಟಿನ ವಿಷಯವಾಗಿ ಇಲ್ಲಿ ಎರಡು ಮಾತು ಹೇಳಬೇಕು. ಅವು ಅರಗಿನಿಂದ ಆದವು. ಪಾಂಡವರಿಗೆ ಮನೆ ಕಟ್ಟಿಸಿದ ಅರಗು, ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣದ ಹೊಳಪು ಕೊಡುವ ಅರಗು, ಅದೇ. ಮುತ್ತುಗ ಮೊದಲಾದ ಮರಗಳ ಮೇಲೆ ಸಣ್ಣ ಕೀಟಗಳು ಸುರಿಸುವ ಈ ಅಂಟನ್ನು ಪ್ರಪಂಚಕ್ಕೆ ಒದಗಿಸುತ್ತಿದ್ದುದು ಮುಖ್ಯವಾಗಿ ಭಾರತ, ಅದರಲ್ಲಿಯೂ ಛೋಟಾನಾಗಪುರದ ಕಾಡುಗಳು. ಆ ಕಾಡಿನ ಬಡಜನ ಕೆರೆದು ತೆಗೆದ ಅರಗು ಹಡಗನ್ನೇರಿ ಹೋಗಿ ಪ್ಲೇಟಾಗುತ್ತಿತ್ತು. ನಿಮಿಷಕ್ಕೆ ೭೮ ಸುತ್ತು ತಿರುಗುವ, ಹತ್ತು ಅಂಗುಲದ ಆ ಪ್ಲೇಟಿನ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ಹೇಳುವುದನ್ನೆಲ್ಲ ಅಷ್ಟರಲ್ಲಿ ಹೇಳಬೇಕು. ಎಲಿಂಗ್ಟನ್ ಈ ಇಕ್ಕಟ್ಟಿನಲ್ಲಿಯೇ ಮೂರು ನಾಲ್ಕು ಮಂದಿ ವಾದಕರ ಸ್ವಭಾವವನ್ನು ಬಿಡಿಸಿ ತೋರಿಸುವ ಕಲೆಯನ್ನು ಕಲಿತ. ೧೯೩೦ರ ‘ಮೂಡ್ ಇಂಡಿಗೋ’ ಇದಕ್ಕೆ ನಿದರ್ಶನ. ಸಾಮಾನ್ಯವಾಗಿ ಮೇಲಿನ ಸ್ಥಾಯಿಯಲ್ಲಿ ಇರಬೇಕಾದ ಕ್ಲಾರಿಯೊನೆಟ್ಟನ್ನು ಕೆಳಗಿಟ್ಟು, ಕೆಳಗಿರಬೇಕಾದ ಟ್ರೋಂಬೋನನ್ನು ಮೇಲೆತ್ತಿ, ಅದುವರೆಗೆ ಯಾರೂ ಕೇಳದ ಒಂದು ಬಣ್ಣವನ್ನು ಅದರಲ್ಲಿ ತಂದ. ನಮ್ಮ ತಂದೆಯವರಿಗೆ ಇದನ್ನು ಕೇಳಿಸಿದಾಗ ಕ್ಲಾರಿಯೊನೆಟ್ ಎಲ್ಲಿದೆಯೆಂದು ಗುರುತಿಸಲು ಅವರು ತುಸು ಹೊತ್ತು ಯೋಚಿಸಬೇಕಾಯಿತು.

೧೯೩೫ರಲ್ಲಿ ತಾಯಿ ತೀರಿಕೊಂಡಳು. ಆ ದುಃಖ ಮೂರು ನಿಮಿಷದಲ್ಲಿ ಮುಗಿಯುವಂಥದಾಗಿರಲಿಲ್ಲ. ‘ರೆಮಿನಿಸಿಂಗ್ ಇನ್ ಟೆಂಪೋ’ ಎಂಬ ಕೃತಿಯನ್ನು ಬರೆದು ಎರಡು ಪ್ಲೇಟುಗಳ ನಾಲ್ಕು ಮಗ್ಗುಲಿಗೂ ಹರಡಿದ. ಕೇಳುವವರು ನಡುನಡುವೆ ಎದ್ದು ಪ್ಲೇಟನ್ನು ಮಗುಚಿ ಹಾಕಬೇಕು. ಕುಣಿತಕ್ಕೆ ಬಾರದ ಇದು ಯಾತಕ್ಕೆಂದು ಕೆಲವರು ವಿಮರ್ಶಕರು ಜರೆದರು. ೧೯೪೩ರ ಜನವರಿ ೨೩ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ತನ್ನ ಜನಾಂಗದ ಚರಿತ್ರೆಯನ್ನೇ ವಸ್ತುವಾಗಿಟ್ಟುಕೊಂಡ ‘ಬ್ಲ್ಯಾಕ್, ಬ್ರೌನ್ ಅಂಡ್ ಬೇಜ್’ ಎಂಬ ಮುಕ್ಕಾಲು ಗಂಟೆಯ ಕೃತಿಯನ್ನು ನುಡಿಸಿದಾಗಲೂ ಇದೇ ಗತಿ. ಶಾಸ್ತ್ರೀಯದವರಿಗೆ ಅದು ಕಟ್ಟಡವಿಲ್ಲದ್ದಾಗಿ ಕಂಡಿತು. ಜಾಝಿನವರಿಗೆ ಜಾಝಲ್ಲದ್ದಾಗಿ ಕಂಡಿತು. ಕಪ್ಪು ಮನುಷ್ಯನು ನಗಿಸಬಹುದು, ಕುಣಿಸಬಹುದು, ಆದರೆ ಗಂಭೀರವಾಗಿ ನೆನೆಯಬಾರದೆಂಬ ಅಲಿಖಿತ ನಿಯಮವೊಂದು ಆಗ ಇತ್ತೆಂದು ಇದರಿಂದ ಊಹಿಸಬಹುದು.

ಇನ್ನು ಆತನ ಸಂಗಡಿಗರ ವಿಷಯ. ಹ್ಯಾರಿ ಕಾರ್ನಿ ಎಂಬವನು ೧೯೨೭ರಲ್ಲಿ ಹದಿಹರೆಯದ ಹುಡುಗನಾಗಿ ಸೇರಿದವನು. ಬ್ಯಾರಿಟೋನ್ ಸ್ಯಾಕ್ಸೋಫೋನಿನ ದಪ್ಪ ಕಂಠದಿಂದ ನಲವತ್ತೇಳು ವರ್ಷ ಆ ವೃಂದಕ್ಕೆ ತಳಹದಿಯಾದ. ಊರಿಂದೂರಿಗೆ ಹೋಗುವಾಗ ಎಲಿಂಗ್ಟನ್ನನನ್ನು ಕಾರಿನಲ್ಲಿ ಕೂರಿಸಿಕೊಂಡು ರಾತ್ರಿಯೆಲ್ಲ ನಡೆಸುತ್ತಿದ್ದವನೂ ಅವನೇ. ಜಾನಿ ಹಾಜಸ್ ೧೯೨೮ರಲ್ಲಿ ಬಂದ. ಮುಖದಲ್ಲಿ ಯಾವ ಭಾವವನ್ನೂ ತೋರದೆ ಆಲ್ಟೋ ಸ್ಯಾಕ್ಸೋಫೋನಿನಲ್ಲಿ ಜೇನನ್ನು ಇಳಿಸುತ್ತಿದ್ದ. ಮೈಲಿ ಬಿಟ್ಟುಹೋದ ಮೇಲೆ ಆ ಗುರುಗುಟ್ಟುವ ವಿದ್ಯೆಯನ್ನು ಕಲಿತು ಮುಂದುವರಿಸಿದವನು ಕೂಟಿ ವಿಲಿಯಮ್ಸ್. ಇವನೊಬ್ಬನಿಗಾಗಿಯೇ ೧೯೪೦ರಲ್ಲಿ ಒಂದು ಕೃತಿ ಹುಟ್ಟಿ, ಅದರ ಹೆಸರಿನಲ್ಲಿಯೇ ಅವನ ಹೆಸರು ಸೇರಿತು. ಅದೇ ವರ್ಷ ಅವನು ಬೇರೆ ತಂಡಕ್ಕೆ ಹೊರಟುಹೋದ. ಬಾಗಿಲು ತೆರೆದೇ ಇತ್ತು. ಇಪ್ಪತ್ತೆರಡು ವರ್ಷದ ಮೇಲೆ ಹಿಂದಿರುಗಿ ಬಂದ. ಜಿಮ್ಮಿ ಬ್ಲಾಂಟನ್ ಎಂಬ ತರುಣ ೧೯೩೯ರಲ್ಲಿ ಸೇರಿ, ತಾಳಕ್ಕೆ ಊರುಗೋಲಿನಂತಿದ್ದ ಬಾಸ್ ವಾದ್ಯಕ್ಕೆ ಹಾಡುವುದನ್ನು ಕಲಿಸಿದ. ಕ್ಷಯರೋಗ ತಗಲಿ ೧೯೪೨ರಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೇ ತೀರಿಕೊಂಡ. ಅದೇ ೧೯೩೯ರಲ್ಲಿ ಬಂದವನು ಬಿಲ್ಲಿ ಸ್ಟ್ರೇಹಾರ್ನ್. ಮಿತಭಾಷಿಯಾದ ಈ ತರುಣ ಎಲಿಂಗ್ಟನ್ನನ ಜೊತೆಗೆ ಕುಳಿತು ಇಪ್ಪತ್ತೆಂಟು ವರ್ಷ ಕೃತಿ ರಚಿಸಿದ. ಯಾವ ಸಾಲು ಯಾರದೆಂದು ವಿದ್ವಾಂಸರು ಇಂದಿಗೂ ಹುಡುಕುತ್ತಿದ್ದಾರೆ. ತಂಡದ ಗುರುತಿನ ಹಾಡಾದ ‘ಟೇಕ್ ದಿ ಎ ಟ್ರೈನ್’ ಎಲಿಂಗ್ಟನ್ನನದೆಂದು ಅನೇಕರು ನಂಬಿದ್ದಾರೆ, ಅದು ಸ್ಟ್ರೇಹಾರ್ನನದು.

ಇಲ್ಲಿ ಒಂದು ಆಕ್ಷೇಪಣೆಯನ್ನು ಮುಚ್ಚಿಡದೆ ಹೇಳಬೇಕು. ವಾದಕರು ಅಭ್ಯಾಸದ ಹೊತ್ತಿನಲ್ಲಿ ತಮ್ಮಷ್ಟಕ್ಕೆ ನುಡಿಸಿಕೊಂಡ ಎಳೆಗಳನ್ನು ಎಲಿಂಗ್ಟನ್ ಎತ್ತಿಕೊಂಡು ಕೃತಿಯಾಗಿ ಬೆಳೆಸುತ್ತಿದ್ದ. ಬೆಳೆಸಿದ್ದು ಅವನು ನಿಜ. ಆದರೆ ಬೀಜ ಇನ್ನೊಬ್ಬರದು. ‘ಮೂಡ್ ಇಂಡಿಗೋ’ದಲ್ಲಿ ಕ್ಲಾರಿಯೊನೆಟ್ ವಾದಕ ಬಾರ್ನಿ ಬಿಗಾರ್ಡನ ಪಾಲಿಗೆ ಮನ್ನಣೆ ದೊರೆತದ್ದು ಬಹುಕಾಲದ ಮೇಲೆ. ವ್ಯವಹಾರ ನೋಡಿಕೊಳ್ಳುತ್ತಿದ್ದ ಅರ್ವಿಂಗ್ ಮಿಲ್ಸನ ಹೆಸರು ಮಾತ್ರ ಅನೇಕ ಕೃತಿಗಳಿಗೆ ಮೊದಲೇ ಅಂಟಿತ್ತು. ಹಾಜಸ್ ಈ ಸಂಗತಿಯಲ್ಲಿ ಅಸಮಾಧಾನಪಟ್ಟವರಲ್ಲಿ ಒಬ್ಬ. ಹಾಳೆಯ ತಲೆಯ ಮೇಲೆ ಸಂಗಡಿಗರ ಹೆಸರನ್ನು ಪ್ರೀತಿಯಿಂದ ಬರೆದವನು, ಪೇಟೆಗೆ ಹೋಗುವ ಪ್ಲೇಟಿನ ಮೇಲೆ ತನ್ನ ಹೆಸರೊಂದನ್ನೇ ಅನೇಕ ಸಲ ಬಿಟ್ಟುಕೊಂಡ. ದೊಡ್ಡವರ ಚರಿತ್ರೆಯನ್ನು ಓದುವವರು ಇಂಥ ಕಡೆ ಕಣ್ಣು ಮುಚ್ಚಬಾರದು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡೋಣ. ದಕ್ಷಿಣದ ಸಂಸ್ಥಾನಗಳಲ್ಲಿ ಕಪ್ಪು ಜನರಿಗೆ ಒಳ್ಳೆಯ ಹೋಟೆಲುಗಳಲ್ಲಿ ಕೋಣೆ ಸಿಗುತ್ತಿರಲಿಲ್ಲ. ಸಂಗಡಿಗರು ಅವಮಾನಕ್ಕೆ ಈಡಾಗದಿರಲೆಂದು ಮಲಗುವ ಸೌಕರ್ಯವಿದ್ದ ರೈಲಿನ ಡಬ್ಬಿಗಳನ್ನೇ ಬಾಡಿಗೆಗೆ ಹಿಡಿದು, ಅವುಗಳಲ್ಲಿ ವಾಸಮಾಡುತ್ತ ಊರೂರು ಸುತ್ತುವ ವ್ಯವಸ್ಥೆ ಆಯಿತು. ಯುದ್ಧ ಮುಗಿದ ಮೇಲೆ ಜನರ ಅಭಿರುಚಿ ಬದಲಾಗಿ, ದೊಡ್ಡ ದೊಡ್ಡ ವೃಂದಗಳೆಲ್ಲ ಒಂದೊಂದಾಗಿ ಒಡೆದುಹೋದವು. ಎಲಿಂಗ್ಟನ್ನನ ವೃಂದ ಒಡೆಯಲಿಲ್ಲ. ಹಾಡುಗಳ ಹಕ್ಕಿನಿಂದ ತನಗೆ ಬರುತ್ತಿದ್ದ ಹಣವನ್ನು ವೃಂದದ ಸಂಬಳಕ್ಕೆ ಸುರಿದು ಆತ ಅದನ್ನು ಉಳಿಸಿಕೊಂಡ. ಇದು ಬರಿಯ ಔದಾರ್ಯವೆಂದು ನಾನು ಹೇಳಲಾರೆ. ಆತನಿಗೆ ಬೇರೆ ದಾರಿಯೇ ಇರಲಿಲ್ಲ. ಇಂದು ಬರೆದದ್ದನ್ನು ನಾಳೆ ಕೇಳಬೇಕು; ಬರೆದದ್ದು ಈ ಕೆಲವರಿಗಾಗಿ; ಅವರು ಚದರಿದರೆ ಆತನ ಸಂಗೀತಕ್ಕೆ ಬಾಯಿಯೇ ಇಲ್ಲ. ನಮ್ಮೂರಿನ ಬ್ಯಾಂಡಿನಲ್ಲಿಯೂ ಇದು ಉಂಟು. ತಂದೆಯವರಿಗೆ ಜ್ವರ ಬಂದ ದಿನ ಮೇಷ್ಟ್ರು ಕೆಲವು ಹಾಡುಗಳನ್ನೇ ಕೈಬಿಡುತ್ತಾರೆ. ಬೇರೆ ಕ್ಲಾರಿಯೊನೆಟ್ಟಿನವರು ಸಿಕ್ಕಿದರೂ ಬಿಡುತ್ತಾರೆ.

೧೯೪೮ರಲ್ಲಿ ಕೊಲಂಬಿಯ ಕಂಪನಿಯವರು ನಿಮಿಷಕ್ಕೆ ಮೂವತ್ತಮೂರೂಕಾಲಿಗಿಂತ ತುಸು ಹೆಚ್ಚು ಸುತ್ತು ತಿರುಗುವ ದೀರ್ಘಾವಧಿಯ ಪ್ಲೇಟನ್ನು ತಂದರು. ಅರಗು ಹೋಗಿ ವಿನೈಲ್ ಎಂಬ ಪ್ಲಾಸ್ಟಿಕ್ ಬಂತು. ಮೂರು ನಿಮಿಷ ಹೋಗಿ ಒಂದೊಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಬಂತು. ಹೊಲದ ಬದು ಕಿತ್ತುಹಾಕಿದ ಹಾಗಾಯಿತು. ೧೯೫೦ರಲ್ಲಿ ಎಲಿಂಗ್ಟನ್ ಅದೇ ‘ಮೂಡ್ ಇಂಡಿಗೋ’ವನ್ನು ಹದಿನೈದು ನಿಮಿಷಕ್ಕೆ ಬೆಳೆಸಿ ಮುದ್ರಿಸಿದ. ಆದರೂ ಜನ ಆತನನ್ನು ಮರೆಯುತ್ತ ಬಂದಿದ್ದರು. ೧೯೫೬ರ ಜುಲೈ ೭ರ ರಾತ್ರಿ ನ್ಯೂಪೋರ್ಟ್ ಎಂಬ ಊರಿನ ಜಾಝ್ ಉತ್ಸವದಲ್ಲಿ ಪಾಲ್ ಗೊನ್ಸಾಲ್ವಿಸ್ ಎಂಬ ಸ್ಯಾಕ್ಸೋಫೋನ್ ವಾದಕ, ಹತ್ತೊಂಬತ್ತು ವರ್ಷದ ಹಳೆಯ ಕೃತಿಯೊಂದರ ನಡುವೆ, ಒಂದರ ಮೇಲೊಂದರಂತೆ ಇಪ್ಪತ್ತೇಳು ಆವರ್ತ ಬಿಡದೆ ನುಡಿಸಿದ. ಮನೆಗೆ ಹೊರಟಿದ್ದ ಜನ ಹಿಂದಿರುಗಿ ಕುರ್ಚಿಗಳ ಮೇಲೆ ನಿಂತು ಕುಣಿದರು. ಮುಂದಿನ ತಿಂಗಳು ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್ನನ ಚಿತ್ರ ಬಂತು. ಸಂಗಡಿಗನೊಬ್ಬನ ಉಸಿರು ಒಡೆಯನಿಗೆ ಎರಡನೆಯ ಜನ್ಮ ಕೊಟ್ಟಿತು.

೧೯೫೮ರಲ್ಲಿ ಇಂಗ್ಲೆಂಡಿನಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಭೇಟಿಯಾಯಿತು. ಮರುವರ್ಷ ಆಕೆಗಾಗಿ ಒಂದು ಕೃತಿಮಾಲೆಯನ್ನು ರಚಿಸಿ, ಸ್ವಂತ ಖರ್ಚಿನಲ್ಲಿ ಮುದ್ರಿಸಿ, ಒಂದೇ ಒಂದು ಪ್ಲೇಟನ್ನು ಒತ್ತಿಸಿ ಆಕೆಗೆ ಕಳುಹಿಸಿದ. ತಾನಿರುವವರೆಗೂ ಅದನ್ನು ಮಾರಾಟಕ್ಕೆ ಬಿಡಲಿಲ್ಲ; ಲೋಕದ ಕಿವಿಗೆ ಅದು ಬಿದ್ದದ್ದು ೧೯೭೬ರಲ್ಲಿ. ಲಕ್ಷಗಟ್ಟಲೆ ಒತ್ತಿ ಮಾರುವುದಕ್ಕೆಂದೇ ಇರುವ ಪ್ಲೇಟನ್ನು ಒಬ್ಬರ ಹೆಸರಿನ ಉಡುಗೊರೆಯಾಗಿ ಮಾಡಿದವರು ಎಷ್ಟು ಮಂದಿ?

೧೯೬೩ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ಈ ವೃಂದ ಪಶ್ಚಿಮ ಏಷ್ಯಾದಲ್ಲಿಯೂ ಭಾರತದಲ್ಲಿಯೂ ಸಂಚರಿಸಿತು. ದೆಹಲಿಯಲ್ಲಿ ಎಲಿಂಗ್ಟನ್ ಕಾಯಿಲೆ ಬಿದ್ದ. ಗುಣವಾದ ಮೇಲೆ ಸಂಚಾರ ಮುಂದುವರಿಯಿತು. ನವೆಂಬರ್ ೨೨ರಂದು ಅಧ್ಯಕ್ಷ ಕೆನೆಡಿಯ ಕೊಲೆಯಾದಾಗ ವೃಂದ ತುರ್ಕಿಯಲ್ಲಿತ್ತು. ಸಂಚಾರ ಅಲ್ಲಿಗೇ ನಿಂತಿತು. ಈ ಯಾತ್ರೆಯ ಫಲವಾಗಿ ಎಲಿಂಗ್ಟನ್ ಮತ್ತು ಸ್ಟ್ರೇಹಾರ್ನ್ ಕೂಡಿ ಬರೆದ ‘ಫಾರ್ ಈಸ್ಟ್ ಸೂಟ್’ ೧೯೬೭ರಲ್ಲಿ ಹೊರಬಂತು. ಅದರಲ್ಲಿ ಆಗ್ರಾದ ಹೆಸರಿನ ಒಂದು ಭಾಗವಿದೆ. ದೆಹಲಿಯ ಗೊರವಂಕದ ಹೆಸರಿನ ಇನ್ನೊಂದು ಭಾಗವಿದೆ. ಗೊರವಂಕದ ಕೂಗು ಜಿಮ್ಮಿ ಹ್ಯಾಮಿಲ್ಟನ್ನನ ಕ್ಲಾರಿಯೊನೆಟ್ಟಿಗೆ ಸೇರಿತು. ನಮ್ಮ ಹಿತ್ತಿಲಿನಲ್ಲಿ ದಿನವೂ ಜಗಳವಾಡುವ ಹಕ್ಕಿಗೂ ಪಾಲು ಸಿಕ್ಕಿತು. ಆ ಕಡೆಯ ವಾದ್ಯ ಈ ಕಡೆಗೆ ಬಂದದ್ದೂ ಉಂಟು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದಕ್ಕೆ ಕರ್ನಾಟಕ ಸಂಗೀತದ ಗಮಕಗಳನ್ನು ಕಲಿಸಿದ್ದು ನಮ್ಮ ನಾಡಿನವರೆಲ್ಲರಿಗೂ ತಿಳಿದ ವಿಷಯ.

೧೯೬೫ರಲ್ಲಿ ಪುಲಿಟ್ಜರ್ ಬಹುಮಾನದ ಸಂಗೀತ ತೀರ್ಪುಗಾರರು ಎಲಿಂಗ್ಟನ್ನನ ಜೀವಮಾನದ ಸಾಧನೆಗೆ ವಿಶೇಷ ಗೌರವ ಕೊಡಬೇಕೆಂದು ಶಿಫಾರಸು ಮಾಡಿದರು. ಮೇಲಿನ ಮಂಡಳಿ ತಳ್ಳಿಹಾಕಿತು. ಆ ವರ್ಷ ಸಂಗೀತಕ್ಕೆ ಬಹುಮಾನವನ್ನೇ ಕೊಡಲಿಲ್ಲ. ತೀರ್ಪುಗಾರರಲ್ಲಿ ಇಬ್ಬರು ರಾಜೀನಾಮೆ ಕೊಟ್ಟರು. ಅರವತ್ತಾರು ವರ್ಷದ ಎಲಿಂಗ್ಟನ್ ವಿನೋದದ ಒಂದು ಮಾತಿನಿಂದ ಅದನ್ನು ತೇಲಿಸಿಬಿಟ್ಟ. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಹಾದೇವಾಲಯವೊಂದರಲ್ಲಿ ತನ್ನ ಮೊದಲ ಭಕ್ತಿಸಂಗೀತ ಸಮಾರಂಭವನ್ನು ನಡೆಸಿದ. ಮನುಷ್ಯರ ಮಂಡಳಿ ಬಾಗಿಲು ಹಾಕಿದಾಗ ಆತ ತಾಯಿ ತೋರಿಸಿಕೊಟ್ಟಿದ್ದ ಬಾಗಿಲಿಗೆ ಹೋದನೆನ್ನಬಹುದು.

೧೯೬೭ರ ಮೇ ತಿಂಗಳಲ್ಲಿ ಸ್ಟ್ರೇಹಾರ್ನ್ ಅರ್ಬುದ ರೋಗದಿಂದ ತೀರಿಕೊಂಡ. ಅವನ ಕೃತಿಗಳನ್ನೇ ಆರಿಸಿ ಒಂದು ಪ್ಲೇಟು ಮಾಡಲು ಕುಳಿತರು. ಮುದ್ರಣ ಮುಗಿದು ವಾದಕರು ವಾದ್ಯಗಳನ್ನು ಪೆಟ್ಟಿಗೆಗೆ ಸೇರಿಸುತ್ತ, ಮಾತನಾಡುತ್ತ ಹೊರಡುತ್ತಿದ್ದಾಗ ಎಲಿಂಗ್ಟನ್ ಒಬ್ಬನೇ ಪಿಯಾನೋದ ಮುಂದೆ ಕುಳಿತು ಸ್ಟ್ರೇಹಾರ್ನನ ‘ಲೋಟಸ್ ಬ್ಲಾಸಂ’ ನುಡಿಸತೊಡಗಿದ. ಯಂತ್ರ ಇನ್ನೂ ಓಡುತ್ತಿತ್ತು. ಹಿಂದಿನ ಗದ್ದಲ ಮೆಲ್ಲಮೆಲ್ಲನೆ ಅಡಗುವುದು ಅದರಲ್ಲಿ ಕೇಳಿಸುತ್ತದೆ.

೧೯೬೯ರ ಏಪ್ರಿಲ್ ೨೯ರಂದು, ಎಪ್ಪತ್ತನೆಯ ಹುಟ್ಟುಹಬ್ಬದ ದಿನ, ಅಧ್ಯಕ್ಷ ನಿಕ್ಸನ್ ಶ್ವೇತಭವನದಲ್ಲಿ ಔತಣವಿತ್ತು ದೇಶದ ಅತ್ಯುನ್ನತ ನಾಗರಿಕ ಪದಕವನ್ನು ತೊಡಿಸಿದ. ತಂದೆ ಬಡಿಸಲು ಹೋಗುತ್ತಿದ್ದ ಮನೆಯಲ್ಲಿ ಮಗನಿಗೆ ಎಲೆ ಹಾಕಿದರು. ಅಲ್ಲಿಗೆ ಕಥೆ ಸುಖವಾಗಿ ಮುಗಿಯಬಹುದಾಗಿತ್ತು. ಆದರೆ ಆತ ನಿಲ್ಲಲಿಲ್ಲ. ಮರುವರ್ಷ ನ್ಯೂ ಆರ್ಲಿಯನ್ಸಿನ ಉತ್ಸವಕ್ಕಾಗಿ ಜಾಝಿನ ಆ ತವರನ್ನು ಕುರಿತು ಹೊಸ ಕೃತಿಮಾಲೆ ಬರೆದ. ಅದರಲ್ಲಿ ಹಾಜಸನ ಗುರುವಾದ ಸಿಡ್ನಿ ಬೆಷೆಯ ಚಿತ್ರವೊಂದು ಇತ್ತು. ಹಾಜಸ್ ಎಷ್ಟೋ ವರ್ಷದ ಹಿಂದೆ ಕೆಳಗಿಟ್ಟಿದ್ದ ಸೊಪ್ರಾನೋ ಸ್ಯಾಕ್ಸೋಫೋನನ್ನು ಮತ್ತೆ ಎತ್ತಿಕೊಂಡು ಗುರುವಿನ ಈ ಚಿತ್ರವನ್ನು ನುಡಿಸಬೇಕೆಂದು ಎಲಿಂಗ್ಟನ್ನನ ಆಸೆ. ಮುದ್ರಣದ ಮೊದಲ ಭಾಗ ಏಪ್ರಿಲಿನಲ್ಲಿ ಮುಗಿಯಿತು. ಮೇ ೧೧ರಂದು ಹಾಜಸ್ ದಂತವೈದ್ಯನ ಬಳಿಗೆ ಹೋಗಿದ್ದಾಗ ಹೃದಯ ನಿಂತು ತೀರಿಕೊಂಡ. ಎರಡು ದಿನ ಕಳೆದು ಉಳಿದವರು ಮುದ್ರಣಕ್ಕೆ ಬಂದರು. ಹಾಜಸನಿಗೆಂದು ಇದ್ದ ಪಾಲನ್ನು ಗೊನ್ಸಾಲ್ವಿಸ್ ತನ್ನ ಟೆನರ್ ಸ್ಯಾಕ್ಸೋಫೋನಿನಲ್ಲಿ ನುಡಿಸಿದ. ಚೆನ್ನಾಗಿಯೇ ನುಡಿಸಿದ. ಆದರೆ ಒಂದೇ ಪ್ಲೇಟಿನ ಕೆಲವು ಭಾಗಗಳಲ್ಲಿ ಹಾಜಸ್ ಇದ್ದಾನೆ, ಉಳಿದವುಗಳಲ್ಲಿ ಇಲ್ಲ. ಹೆಸರು ಬರೆದು ಸ್ವರ ಕೊಡುವವನಿಗೆ ಕಾಲ ವಿಧಿಸುವ ತೆರಿಗೆ ಇದು.

ಆದರೂ ೧೯೭೧ರಲ್ಲಿ ಸೋವಿಯತ್ ದೇಶದಲ್ಲಿ ಸಂಚಾರ. ಅದೇ ವರ್ಷ ‘ಆಫ್ರೋ-ಯುರೇಷಿಯನ್ ಎಕ್ಲಿಪ್ಸ್’ ಎಂಬ ಹೊಸ ಕೃತಿಮಾಲೆಯ ಮುದ್ರಣ. ೧೯೭೨ರ ಡಿಸೆಂಬರಿನಲ್ಲಿ ರೇ ಬ್ರೌನ್ ಎಂಬ ಬಾಸ್ ವಾದಕನೊಬ್ಬನನ್ನೇ ಕೂರಿಸಿಕೊಂಡು, ಮೂವತ್ತು ವರ್ಷದ ಹಿಂದೆ ತೀರಿಹೋದ ಹುಡುಗ ಬ್ಲಾಂಟನ್ನನ ನೆನಪಿಗೆಂದು ಒಂದು ಪ್ಲೇಟು ಮುದ್ರಿಸಿದ. ಆ ಹುಡುಗನೊಡನೆ ೧೯೪೦ರಲ್ಲಿ ಜೋಡಿಯಾಗಿ ನುಡಿಸಿದ್ದ ಕೃತಿಗಳನ್ನು ಮತ್ತೆ ಎತ್ತಿಕೊಂಡ. ೧೯೭೩ರ ಅಕ್ಟೋಬರ್ ೨೪ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮೂರನೆಯ ಭಕ್ತಿಸಂಗೀತವನ್ನು ನಡೆಸುವಾಗ ಶ್ವಾಸಕೋಶದ ಅರ್ಬುದ ಆತನನ್ನು ಹಿಡಿದಿತ್ತು. ೧೯೭೪ರ ಮೇ ೨೪ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಕೊನೆಯುಸಿರೆಳೆದ. ಅದಕ್ಕೆ ಕೆಲವೇ ದಿನ ಮೊದಲು ಗೊನ್ಸಾಲ್ವಿಸ್ ಲಂಡನ್ನಿನಲ್ಲಿ ತೀರಿಕೊಂಡಿದ್ದ; ಹಾಸಿಗೆ ಹಿಡಿದಿದ್ದ ಎಲಿಂಗ್ಟನ್ನನಿಗೆ ಆ ಸುದ್ದಿಯನ್ನು ಹೇಳಲಿಲ್ಲ. ಅಂತ್ಯಕ್ರಿಯೆಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಕೂಡಿದ್ದರು. ಅದೇ ಅಕ್ಟೋಬರಿನಲ್ಲಿ ಹ್ಯಾರಿ ಕಾರ್ನಿಯೂ ಹೊರಟುಹೋದ. ವೃಂದದ ಹೊಣೆಯನ್ನು ಮಗ ಮರ್ಸರ್ ಹೊತ್ತ. ಅಂದು ತಳ್ಳಿಹಾಕಿದ್ದ ಪುಲಿಟ್ಜರ್ ಮಂಡಳಿ ೧೯೯೯ರಲ್ಲಿ, ಆತ ಹುಟ್ಟಿ ನೂರು ವರ್ಷವಾದಾಗ, ವಿಶೇಷ ಗೌರವವನ್ನು ಸಲ್ಲಿಸಿತು. ಕೊಟ್ಟವರಿಗೆ ಋಣ ತೀರಿತು, ಪಡೆಯುವವನು ಮಣ್ಣಿನಲ್ಲಿದ್ದ.

ಹೆಸರು ಬರೆದಿಟ್ಟ ಆ ಪಾಲುಗಳನ್ನು ಆ ಹೆಸರಿನವರೆಲ್ಲ ಹೋದ ಮೇಲೆ ಯಾರು ನುಡಿಸಬೇಕು? ಇದಕ್ಕೂ ಉತ್ತರ ದೊರೆತಿದೆ. ನ್ಯೂಯಾರ್ಕಿನ ಲಿಂಕನ್ ಸೆಂಟರಿನ ಜಾಝ್ ಸಂಸ್ಥೆಯವರು ೧೯೯೦ರ ದಶಕದಿಂದ ಎಲಿಂಗ್ಟನ್ನನ ಕೃತಿಗಳ ಸ್ವರಲಿಪಿಯನ್ನು ಹೈಸ್ಕೂಲಿನ ಹುಡುಗ ಹುಡುಗಿಯರ ತಂಡಗಳಿಗೆ ಕಳುಹಿಸಿ ನುಡಿಸುತ್ತ ಬಂದಿದ್ದಾರೆ. ಹದಿನಾರರ ಹುಡುಗಿಯೊಬ್ಬಳು ಕೂಟಿಯ ಪಾಲನ್ನು ಎತ್ತಿಕೊಂಡರೆ ಅವಳು ಕೂಟಿಯಾಗುವುದಿಲ್ಲ. ಕೂಟಿ ಎಂಬವನೊಬ್ಬ ಇದ್ದನೆಂದು ತಿಳಿಯುತ್ತಾಳೆ. ತನ್ನ ದನಿ ಎಂಥದೆಂದು ಹುಡುಕತೊಡಗುತ್ತಾಳೆ. ಗುರುವೆನಿಸಿದವನು ಬಿಟ್ಟುಹೋಗಬೇಕಾದುದು ಇದಕ್ಕಿಂತ ಹೆಚ್ಚೇನಿದೆ?

ಈ ವರ್ಷ ಪದವಿ ಪಡೆದು ಹೊರಡಲಿರುವ ನಮಗೆ ಇದು ಯೋಚಿಸತಕ್ಕ ಮಾತು. ವಿಶ್ವವಿದ್ಯಾಲಯದವರು ಕೊಡುವ ಪದವಿಪತ್ರದಲ್ಲಿ ಬರೆಯಲು ಇರುವ ಜಾಗ ಒಂದೇ ಹೆಸರಿಗೆ. ನಮ್ಮಲ್ಲಿ ಅನೇಕರ ಮನೆಯಲ್ಲಿ ಅಂಥ ಕಾಗದ ಬರುವುದು ಇದೇ ಮೊದಲು. ಅದರ ಹಿಂದೆ ಶಾಲೆ ಬಿಟ್ಟ ಅಕ್ಕ ಇದ್ದಾಳು, ಓದುವ ದೀಪಕ್ಕೆ ದುಡಿದ ಅಣ್ಣ ಇದ್ದಾನು. ಎಲಿಂಗ್ಟನ್ನನ ದೊಡ್ಡತನವೂ ಕೊರತೆಯೂ ಒಂದೇ ಪ್ರಶ್ನೆಯಲ್ಲಿ ನಿಂತಿವೆ: ಜೊತೆಗೂಡಿ ಮಾಡಿದ ಕೆಲಸಕ್ಕೆ ಯಾರ ಯಾರ ಹೆಸರನ್ನು ಬರೆಯಬೇಕು? ಆತ ಹಾಳೆಯ ಮೇಲೆ ಬರೆದ. ಪ್ಲೇಟಿನ ಮೇಲೆ ಬರೆಯುವುದನ್ನು ಕೆಲವೊಮ್ಮೆ ಬಿಟ್ಟ. ನಮಗೆ ಎರಡು ಕಡೆಯೂ ಬರೆಯುವ ಬುದ್ಧಿ ಬರಲಿ.